ನಗೆಯ ನಕಾಶೆಗಳು

ನಕಾಶೆಯೆಂಬುದು ಮಿತಭಾಷಿಯಾದ ವಸ್ತು. ಅದು ಊರಿನ ಹೆಸರನ್ನು ಹೇಳುತ್ತದೆ, ನದಿ ಹರಿಯುವ ದಿಕ್ಕನ್ನು ತೋರುತ್ತದೆ, ಅಂಗುಲವೊಂದಕ್ಕೆ ಇಷ್ಟು ಮೈಲಿಯೆಂದು ಮೂಲೆಯಲ್ಲಿ ಬರೆದುಕೊಂಡು ಸುಮ್ಮನಾಗುತ್ತದೆ. ಆ ಊರಿನವರು ಜಿಪುಣರೋ ಧಾರಾಳಿಗಳೋ, ಅಲ್ಲಿಯ ಸಾರು ಖಾರವೋ ಸಪ್ಪೆಯೋ ಎಂಬುದು ಅದಕ್ಕೆ ಸಂಬಂಧಿಸಿದ ವಿಚಾರವಲ್ಲ. ಆದರೆ ಮನುಷ್ಯನಾದವನಿಗೆ ತಿಳಿಯಬೇಕಾಗಿರುವುದು ಬಹುಮಟ್ಟಿಗೆ ಅದೇ. ಮಗಳನ್ನು ದೂರದೂರಿಗೆ ಕೊಡುವ ತಾಯಿ, ವರ್ಗವಾಗಿ ಹೊರಟ ಗುಮಾಸ್ತ, ಪರಸ್ಥಳದ ಕಾಲೇಜಿಗೆ ಗಂಟುಕಟ್ಟಿದ ಹುಡುಗ, ಇವರಲ್ಲಿ ಯಾರೂ ಅಕ್ಷಾಂಶ ರೇಖಾಂಶಗಳನ್ನು ವಿಚಾರಿಸುವುದಿಲ್ಲ, “ಅಲ್ಲಿಯ ಜನ ಹೇಗೆ?” ಎಂದೇ ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವನ್ನು ನಾಡಿನ ಮೈಮೇಲೆಯೇ ಬರೆದುಬಿಡುವ ಒಂದು ಬಗೆಯ ನಕಾಶೆಗಳುಂಟು. ನಗಿಸುವುದೇ ಅವುಗಳ ಉದ್ಯೋಗ. ಈಚೆಗೆ ಮನೆಮನೆಯ ಮೊಬೈಲ್ ಫೋನುಗಳಲ್ಲಿ “ದೆಹಲಿಯವನು ಕಂಡ ಭಾರತ”, “ಬೆಂಗಳೂರಿಗನು ಕಂಡ ಕರ್ನಾಟಕ” ಮುಂತಾದ ತಲೆಬರಹಗಳಿಂದ ಕೈಯಿಂದ ಕೈಗೆ ದಾಟುತ್ತಿರುವವು ಇವೇ. ಮಕ್ಕಳು ಇವನ್ನು ನೋಡಿ ನಗುತ್ತಾರೆ, ಹಿರಿಯರೂ ನಗುತ್ತಾರೆ. ನಾವೂ ನಕ್ಕಿದ್ದೇವೆ. ನಕ್ಕ ಮೇಲೆ, ನಕ್ಕದ್ದು ಯಾರನ್ನು ಕಂಡು ಎಂದು ಕೇಳಿಕೊಳ್ಳುವ ಬುದ್ಧಿ ಹುಟ್ಟಿತು. ಆ ಬುದ್ಧಿಯ ಫಲವೇ ಈ ತಿಂಗಳ ಬರಹ.

ವಿದ್ಯೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನಲ್ಲಿ ರಾಬರ್ಟ್ ಡೈಟನ್ ಎಂಬ ಚಿತ್ರಕಾರನು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳ ಎಲ್ಲೆಗೆರೆಗಳನ್ನೇ ಮನುಷ್ಯಾಕಾರಕ್ಕೆ ತಿರುಗಿಸಿ ಚಿತ್ರಗಳನ್ನು ಬರೆದನು. ಆಂಗ್ಲನು ಜಲಜಂತುವೊಂದರ ಮೇಲೆ ಆಸೀನನಾದ ಸುಖಿ. ಸ್ಕಾಟನು ಗೂನು ಬೆನ್ನಿನ ಮುದುಕ. ಐರ್ಲೆಂಡು ವೀಣೆಯಂಥ ವಾದ್ಯವನ್ನು ಹಿಡಿದ ಹೆಂಗಸು. ಬರೆದವನು ಯಾವ ಊರಿನವನೆಂದು ಊಹಿಸಲು ಕಷ್ಟಪಡಬೇಕಾಗಿಲ್ಲ. ಮುಂದೆ 1869ರ ಸುಮಾರಿಗೆ ಇದೇ ಮಾದರಿಯ ಹನ್ನೆರಡು ಪಟಗಳ ಪುಸ್ತಕವೊಂದು ಹೊರಬಂದಿತು. ಹಾಸಿಗೆ ಹಿಡಿದಿದ್ದ ತಮ್ಮನ ಬೇಸರ ಕಳೆಯಲೆಂದು ಹದಿನೈದು ವರ್ಷದ ಅಕ್ಕನೊಬ್ಬಳು ಬರೆದ ಚಿತ್ರಗಳಿಂದ ಇದು ಬೆಳೆಯಿತೆಂದು ಅದರ ಮುನ್ನುಡಿಯು ಹೇಳುತ್ತದೆ. ಆ ಬಾಲೆಯು ಲಿಲಿಯನ್ ಲ್ಯಾಂಕಾಸ್ಟರ್ ಎಂದು ತರುವಾಯದ ಕಾಲದವರು ಗುರುತಿಸಿದ್ದಾರೆ. ರೋಗಿಯ ಮಂಚದ ಬಳಿ ಹುಟ್ಟಿದ ಈ ಚಿತ್ರಗಳಲ್ಲಿ ವಿಷವಿಲ್ಲ. ಭೂಗೋಳದ ಪಾಠ ಬೇಡವೆನ್ನುವ ಮಕ್ಕಳಿಗೆ ನಾಡುಗಳ ಆಕಾರ ನೆನಪಿನಲ್ಲಿ ನಿಲ್ಲಲೆಂಬುದೂ ಅದರ ಉದ್ದೇಶವಾಗಿತ್ತು.

ಆದರೆ ಈ ಕಲೆಯು ಪ್ರೌಢಾವಸ್ಥೆಗೆ ಬಂದದ್ದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ಎಲ್ಲೆಗೆರೆಯನ್ನು ಮನುಷ್ಯನನ್ನಾಗಿ ಮಾಡುವ ಆಟವನ್ನು ಬಿಟ್ಟು, ಅಳತೆಯನ್ನೇ ಕೆಡಿಸುವ ಆಟವನ್ನು ಹೂಡಿದರು. 1930ರ ದಶಕದಲ್ಲಿ ಡೇನಿಯಲ್ ವಾಲಿಂಗ್‌ಫರ್ಡ್ ಎಂಬವನು “ನ್ಯೂಯಾರ್ಕಿನವನ ಎಣಿಕೆಯ ಅಮೆರಿಕಾ” ಎಂಬರ್ಥದ ಪಟವೊಂದನ್ನು ಪ್ರಕಟಿಸಿದನು. ಅದರಲ್ಲಿ ನ್ಯೂಯಾರ್ಕು ನಗರವೂ ಅದರ ಬ್ರೂಕ್ಲಿನ್ ಭಾಗವೂ ಒಂದೊಂದು ಸಂಸ್ಥಾನದಷ್ಟು ಹಿಗ್ಗಿವೆ. ಛಳಿಗಾಲದಲ್ಲಿ ನ್ಯೂಯಾರ್ಕಿನ ಧನಿಕರು ಬಿಸಿಲು ಕಾಯಿಸಲು ಹೋಗುವ ಫ್ಲಾರಿಡಾ ಅಗಾಧವಾಗಿದೆ. ಮಧ್ಯದೇಶದ ಸಂಸ್ಥಾನಗಳೆಲ್ಲ ಕುಗ್ಗಿ, ಕಲಸಿ, ಎಲ್ಲಿಯದು ಎಲ್ಲಿಯೋ ಬಿದ್ದಿವೆ. ಮಿನಿಯಾಪೊಲಿಸ್ ನಗರದ ಅವಳಿ ಸೇಂಟ್ ಪಾಲ್ ಎಂಬುದು ಅಲ್ಲಿಯ ಶಾಲೆಯ ಹುಡುಗನಿಗೂ ತಿಳಿದ ಸಂಗತಿ. ಪಟದಲ್ಲಿಯಾದರೋ ಮಿನಿಯಾಪೊಲಿಸೂ ಇಂಡಿಯಾನಾಪೊಲಿಸೂ ಅವಳಿ ನಗರಗಳಾಗಿ ಪಕ್ಕಪಕ್ಕದಲ್ಲಿ ಕುಳಿತಿವೆ! ಹೆಸರಿನ ಬಾಲ ಒಂದೇ ಆಗಿರುವಾಗ ಊರುಗಳು ನೂರಾರು ಮೈಲಿ ದೂರವಿದ್ದರೇನು? ನಮ್ಮಲ್ಲಿಯೂ ಹೊಸಪೇಟೆ, ಹೊಸಕೋಟೆ, ಹೊಸದುರ್ಗಗಳನ್ನು ಒಂದೇ ಬುಟ್ಟಿಗೆ ಹಾಕುವ ಪಂಡಿತರನ್ನು ವಾಚಕರು ಕಂಡಿರಲಾರರೆ?

ಇದರ ಮುಂದಿನ ಮೆಟ್ಟಿಲೇ ಜಗತ್ಪ್ರಸಿದ್ಧವಾದ ಸಾಲ್ ಸ್ಟೈನ್‌ಬರ್ಗನ ಚಿತ್ರ. ರುಮೇನಿಯಾದಲ್ಲಿ 1914ರಲ್ಲಿ ಹುಟ್ಟಿ, ಇಟಲಿಯ ಮಿಲಾನಿನಲ್ಲಿ ವಾಸ್ತುಶಿಲ್ಪವನ್ನು ಕಲಿತು, ಯುದ್ಧಕಾಲದಲ್ಲಿ ಅಮೆರಿಕಾ ಸೇರಿದವನು ಈತ. “ದಿ ನ್ಯೂಯಾರ್ಕರ್” ವಾರಪತ್ರಿಕೆಯ 1976ರ ಮಾರ್ಚ್ 29ರ ಸಂಚಿಕೆಗೆ ಇವನು ಬರೆದ ಮುಖಚಿತ್ರದ ಕೆಳಗಿನ ಅರ್ಧದಲ್ಲಿ ನ್ಯೂಯಾರ್ಕಿನ ಒಂಬತ್ತನೆಯ ಹಾಗೂ ಹತ್ತನೆಯ ಬೀದಿಗಳು ಕಟ್ಟಡ, ಮೋಟಾರು, ದಾರಿಹೋಕರ ಸಮೇತ ವಿವರವಾಗಿ ತೋರುತ್ತವೆ. ಅದರಾಚೆ ಹಡ್ಸನ್ ನದಿ. ನದಿಯಾಚೆ ಜರ್ಸಿ ಎಂಬ ಒಂದು ಕಂದು ಪಟ್ಟಿ. ಅದರಾಚೆ ಚಾಪೆಯಷ್ಟಗಲದ ಬಯಲಿನಲ್ಲಿ ಇಡಿಯ ಅಮೆರಿಕಾ: ಅಲ್ಲೊಂದು ಬಂಡೆ, ಇಲ್ಲೊಂದು ಬಂಡೆ, ಟೆಕ್ಸಸ್, ಯೂಟಾ, ನೆಬ್ರಾಸ್ಕ ಎಂದು ನಾಲ್ಕಾರು ಹೆಸರು. ಶಾಂತಸಾಗರವು ಹಡ್ಸನ್ ನದಿಗಿಂತ ಸ್ವಲ್ಪ ಅಗಲ, ಅಷ್ಟೆ. ಅದರ ಆಚೆಯ ದಡದಲ್ಲಿ ಚೀನಾ, ಜಪಾನು, ರಷ್ಯಾ ಎಂಬ ಮೂರು ದಿಬ್ಬಗಳು.

ನ್ಯೂಯಾರ್ಕಿನವರ ಬಾವಿಗಪ್ಪೆತನವನ್ನು ಹೀಗೆ ಬಯಲಿಗೆಳೆದ ಮೇಲೆ ಅವರಿಗೆ ಕೋಪ ಬಂದಿರಬೇಕಷ್ಟೆ? ಬರಲಿಲ್ಲ. ಆ ಚಿತ್ರದ ಪ್ರತಿಗಳನ್ನು ಕೊಂಡು ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿಕೊಂಡರು. ಬೇರೆ ಬೇರೆ ಊರುಗಳವರು ತಂತಮ್ಮ ಬೀದಿಯನ್ನು ಮುಂದಿಟ್ಟು ಅದರ ಅನುಕರಣಗಳನ್ನು ಹೊರಡಿಸಿದರು. 1984ರಲ್ಲಿ ಬಂದ “ಮಾಸ್ಕೊ ಆನ್ ದಿ ಹಡ್ಸನ್” ಎಂಬ ಚಲಚ್ಚಿತ್ರದ ಭಿತ್ತಿಪತ್ರವು ಇದನ್ನು ಅನುಕರಿಸಿತೆಂದು ಸ್ಟೈನ್‌ಬರ್ಗನು ನ್ಯಾಯಾಲಯಕ್ಕೆ ಹೋಗಿ 1987ರಲ್ಲಿ ಗೆದ್ದನು. ಹಾಸ್ಯಕ್ಕೂ ಹಕ್ಕುದಾರನುಂಟೆಂದು ಅಂದು ತೀರ್ಮಾನವಾಯಿತು.

ಟೆಕ್ಸಸಿನವರ ಕಥೆ ಬೇರೆ. ಅವರು ತಮ್ಮ ಹಾಸ್ಯವನ್ನು ತಾವೇ ಮಾಡಿಕೊಂಡರು, ಆದರೆ ಬಡಾಯಿಯ ಮೂಲಕ. 1940ರ ದಶಕದಿಂದ ಅಲ್ಲಿಯ ಅಂಚೆಕಾರ್ಡುಗಳಲ್ಲಿ ಟೆಕ್ಸಸೊಂದೇ ಕಾಗದವನ್ನೆಲ್ಲ ತುಂಬಿ, ಉಳಿದ ಸಂಸ್ಥಾನಗಳು ಅಂಚಿಗೆ ಒತ್ತರಿಸಿ ನಿಂತ ಪಟಗಳು ಮಾರಾಟವಾದುವು. ಟೆಕ್ಸಸ್ ದೊಡ್ಡದೆಂಬುದು ಸುಳ್ಳಲ್ಲ; ನಮ್ಮ ಕರ್ನಾಟಕದ ಮೂರೂವರೆಯಷ್ಟಕ್ಕಿಂತಲೂ ಹೆಚ್ಚಾಗಿದೆ. ದುರದೃಷ್ಟವಶಾತ್ 1959ರ ಜನವರಿಯಲ್ಲಿ ಅಲಾಸ್ಕವು ಸಂಸ್ಥಾನದ ಪದವಿಗೇರಿತು. ಅದರ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೊಮೀಟರು, ಟೆಕ್ಸಸಿನದು 7 ಲಕ್ಷಕ್ಕೆ ಒಂದಿಷ್ಟು ಕಡಮೆ. “ಹೆಚ್ಚು ಗಲಾಟೆ ಮಾಡಿದರೆ ನಾವು ಎರಡು ಹೋಳಾಗುತ್ತೇವೆ, ಆಗ ನೀವು ಮೂರನೆಯವರಾಗುತ್ತೀರಿ” ಎಂದು ಅಲಾಸ್ಕದವರು ಹೇಳುವುದು ವಾಡಿಕೆಯಾಯಿತು. ಲೆಕ್ಕ ಸರಿಯಾಗಿದೆ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಾಲಿಂಗ್‌ಫರ್ಡನ ಪಟದಲ್ಲಾಗಲಿ ಸ್ಟೈನ್‌ಬರ್ಗನ ಚಿತ್ರದಲ್ಲಾಗಲಿ ನಗೆಪಾಟಲಾಗುವವನು ನೋಟದ ಒಡೆಯ, ನೋಡಲ್ಪಟ್ಟವನಲ್ಲ. ನೆಬ್ರಾಸ್ಕವು ಒಂದು ಚುಕ್ಕೆಯಾಗಿದ್ದರೆ ಅದು ನೆಬ್ರಾಸ್ಕದ ಕೊರತೆಯಲ್ಲ, ನ್ಯೂಯಾರ್ಕಿನವನ ತಲೆಯೊಳಗಿನ ಕೊರತೆ. “ಇಂಥವನು ಕಂಡ” ಎಂಬ ಷಷ್ಠೀವಿಭಕ್ತಿಯ ಅರ್ಥವುಳ್ಳ ಆ ಒಂದು ಮಾತಿನಲ್ಲಿಯೇ ಹಾಸ್ಯದ ಧರ್ಮವೆಲ್ಲ ಅಡಗಿದೆ. ಅದನ್ನು ಅಳಿಸಿ ಪಟವನ್ನು ಮಾತ್ರ ಉಳಿಸಿದರೆ ಅದೇ ಚಿತ್ರವು ಬೈಗುಳವಾಗುತ್ತದೆ. ಮೊಬೈಲಿನ ಪರದೆಯಲ್ಲಿ ಸಾವಿರ ಕೈ ದಾಟುವಷ್ಟರಲ್ಲಿ ಮೊದಲು ಬಿದ್ದುಹೋಗುವುದು ತಲೆಬರಹವೇ.

ವಿನೋದಕಾರರು ಹೇಳಿದ್ದನ್ನೇ ವಿದ್ವಾಂಸರೂ ಅಳೆದು ತೋರಿಸಿದ್ದಾರೆ. ಪೀಟರ್ ಗೂಲ್ಡ್ ಎಂಬ ಭೂಗೋಳಶಾಸ್ತ್ರಜ್ಞನು 1960ರ ದಶಕದಲ್ಲಿ ವಿದ್ಯಾರ್ಥಿಗಳನ್ನು “ನಿಮಗೆ ಎಲ್ಲಿ ವಾಸಮಾಡಲು ಇಷ್ಟ?” ಎಂದು ಕೇಳಿ, ಅವರ ಉತ್ತರಗಳನ್ನು ಬೆಟ್ಟಕಣಿವೆಗಳ ಎತ್ತರದಂತೆ ಗೆರೆಹಾಕಿ ಪಟಗಳನ್ನು ಮಾಡಿದನು. ರಾಡ್ನಿ ವೈಟ್ ಎಂಬವರೊಡನೆ ಅವನು 1974ರಲ್ಲಿ ಈ ವಿಷಯವಾಗಿ ಪುಸ್ತಕವನ್ನೇ ಬರೆದನು. ಬ್ರಿಟನ್ನಿನ ಶಾಲಾಬಾಲಕರ ಮನಸ್ಸಿನಲ್ಲಿ ದಕ್ಷಿಣದ ಕಡಲತೀರವು ಎತ್ತರದ ಗಿರಿ. ಅದಲ್ಲದೆ ಪ್ರತಿಯೊಬ್ಬನಿಗೂ ತನ್ನ ಸ್ವಂತ ಊರಿನ ಸುತ್ತ ಒಂದು ಪುಟ್ಟ ಗುಡ್ಡ. ಲಂಡನ್ನಿನವನಿಗೆ ವ್ಯಾಟ್‌ಫರ್ಡಿನ ಆಚೆ ನಾಗರಿಕತೆಯೇ ಇಲ್ಲವೆಂಬ ಗಾದೆಯಂಥ ಮಾತುಂಟು. ವ್ಯಾಟ್‌ಫರ್ಡು ಲಂಡನ್ನಿನ ನಡುವಿನಿಂದ ಮೂವತ್ತು ಕಿಲೊಮೀಟರೂ ಆಗದು.

ಇನ್ನು ನಮ್ಮ ದೇಶಕ್ಕೆ ಬರೋಣ. ಕಾಗದದ ಮೇಲೆ ಪಟ ಬರೆಯುವ ಅಭ್ಯಾಸವು ನಮ್ಮ ಹಿರಿಯರಲ್ಲಿ ವಿರಳವಾಗಿದ್ದಿರಬಹುದು, ಮಾತಿನಲ್ಲಿ ಬರೆಯುವ ಅಭ್ಯಾಸಕ್ಕೆ ಕೊರತೆಯಿರಲಿಲ್ಲ. ರಾಜಸ್ಥಾನದ ಜಾಲೋರಿನಲ್ಲಿ 779ರಲ್ಲಿ ಉದ್ದ್ಯೋತನಸೂರಿಯೆಂಬ ಜೈನಮುನಿಯು ರಚಿಸಿದ “ಕುವಲಯಮಾಲಾ” ಎಂಬ ಪ್ರಾಕೃತ ಕಥೆಯಲ್ಲಿ ಒಂದು ಸಂತೆಯುಂಟು. ಆ ಸಂತೆಗೆ ನಾನಾ ದೇಶಗಳ ವರ್ತಕರು ಬಂದಿದ್ದಾರೆ. ಮಾಗಧರು, ಮಾಳವರು, ಲಾಟರು, ಆಂಧ್ರರು, ಮಹಾರಾಷ್ಟ್ರದವರು, ನಮ್ಮ ಕರ್ನಾಟಕದವರು. ಒಬ್ಬೊಬ್ಬರ ಮೈಕಟ್ಟು, ಸ್ವಭಾವ, ಆಡುವ ನುಡಿಯ ಒಂದೊಂದು ತುಣುಕು, ಇವಿಷ್ಟನ್ನೂ ಕವಿಯು ಹಿಡಿದಿಟ್ಟಿದ್ದಾನೆ. ಎಲ್ಲರಿಗೂ ಒಂದೊಂದು ಚುಚ್ಚುಮಾತು ತಪ್ಪಿಲ್ಲ. ಈ ಗ್ರಂಥವನ್ನು ಶೋಧಿಸಿ ಅಚ್ಚಿಗೆ ಸಿದ್ಧಪಡಿಸಿದವರು ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಡಾ. ಆ. ನೇ. ಉಪಾಧ್ಯೆಯವರು, ಸಾವಿರದಿನ್ನೂರು ವರ್ಷಗಳ ಹಿಂದಿನ ಆ ಕನ್ನಡ ವರ್ತಕನನ್ನು ಕಂಡು ಅವರು ಮುಗುಳ್ನಕ್ಕಿರಬೇಕು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಹದಿನೇಳನೆಯ ಶತಮಾನದಲ್ಲಿ ಕಂಚಿಯ ಸೀಮೆಯ ವೇಂಕಟಾಧ್ವರಿಯು ಬರೆದ “ವಿಶ್ವಗುಣಾದರ್ಶ” ಚಂಪೂ. ಕೃಶಾನು, ವಿಶ್ವಾವಸು ಎಂಬ ಇಬ್ಬರು ಗಂಧರ್ವರು ವಿಮಾನದಲ್ಲಿ ಕುಳಿತು ಭಾರತದ ಮೇಲೆ ಸಂಚರಿಸುತ್ತಾರೆ. ಕೆಳಗೆ ಒಂದೊಂದು ನಾಡು ಕಂಡಾಗಲೂ ಕೃಶಾನುವು ಅದರ ದೋಷಗಳನ್ನು ಎಣಿಸುತ್ತಾನೆ; ವಿಶ್ವಾವಸುವು ಅದರ ಗುಣಗಳನ್ನು ಹೇಳಿ ಅವನ ಬಾಯಿ ಮುಚ್ಚಿಸುತ್ತಾನೆ. ಆಗತಾನೆ ಚೆನ್ನಪಟ್ಟಣದಲ್ಲಿ ನೆಲೆಯೂರಿದ್ದ ಐರೋಪ್ಯರನ್ನೂ ಬಿಟ್ಟಿಲ್ಲ: ಒಬ್ಬನು ಅವರ ಆಚಾರಹೀನತೆಗೆ ಹೇಸಿದರೆ, ಇನ್ನೊಬ್ಬನು ಅವರ ನ್ಯಾಯನಿಷ್ಠೆಯನ್ನೂ ಕುಶಲತೆಯನ್ನೂ ಮೆಚ್ಚುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಇದು ಪ್ರಪಂಚದ ಅತ್ಯುತ್ತಮ ವಿನೋದನಕಾಶೆಗಳಲ್ಲೊಂದು. ಈ ಕಾಲದ ಪಟಗಾರರು ಕೃಶಾನುವನ್ನು ಮಾತ್ರ ವಿಮಾನಕ್ಕೆ ಹತ್ತಿಸಿಕೊಂಡು, ವಿಶ್ವಾವಸುವನ್ನು ನೆಲದ ಮೇಲೆಯೇ ಬಿಟ್ಟಿದ್ದಾರೆ.

ಹಾಗಾದುದರಿಂದಲೇ ಮೊಬೈಲಿನ ಪಟಗಳಲ್ಲಿ ವಿಂಧ್ಯದ ಕೆಳಗಿನ ನೆಲವೆಲ್ಲ “ಮದರಾಸಿ” ಎಂಬ ಒಂದೇ ಬಣ್ಣದಲ್ಲಿ ಅದ್ದಿಹೋಗಿದೆ. ಈ ಮಾತಿನ ಚರಿತ್ರೆಯು ಸ್ವಾರಸ್ಯಕರವಾದುದು. ಬ್ರಿಟಿಷರ ಆಳ್ವಿಕೆಯಲ್ಲಿ ಮದರಾಸು ಆಧಿಪತ್ಯವೆಂಬುದೊಂದಿತ್ತು; ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಅದಕ್ಕೆ ಸೇರಿದ್ದುವು. ಆ ಕಾಲದಲ್ಲಿ ಮಂಗಳೂರಿನವರನ್ನು ಮದರಾಸಿಗಳೆಂದರೆ ಕಾಗದಪತ್ರದ ಮಟ್ಟಿಗಾದರೂ ಆಧಾರವಿತ್ತು. ಮೈಸೂರು ಸಂಸ್ಥಾನದವರಿಗೆ ಆ ಆಧಾರವೂ ಇರಲಿಲ್ಲ. ಧಾರವಾಡದವರು ಮುಂಬಯಿಗೆ ಸೇರಿದ್ದರು, ರಾಯಚೂರಿನವರು ನಿಜಾಮರಿಗೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯೂ, 1956ರ ನವಂಬರ್ 1ರಂದು ಉಳಿದವೂ ಮೈಸೂರಿಗೆ ಕೂಡಿದುವು. 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. ಮದರಾಸು ರಾಜ್ಯವು 1969ರಲ್ಲಿ ತಮಿಳುನಾಡಾಯಿತು. ಮದರಾಸು ಪಟ್ಟಣವೇ 1996ರಲ್ಲಿ ಚೆನ್ನೈ ಆಯಿತು. ಹೀಗೆ ಆಧಿಪತ್ಯವೂ ಹೋಗಿ, ರಾಜ್ಯವೂ ಹೋಗಿ, ಊರಿನ ಹೆಸರೂ ಹೋದ ಮೇಲೆ “ಮದರಾಸಿ” ಮಾತ್ರ ಉಳಿದಿದೆ. ಟಂಕಸಾಲೆಯು ಮುಚ್ಚಿದರೂ ಸವಕಲು ನಾಣ್ಯವು ಚಲಾವಣೆಯಲ್ಲಿದೆ.

ನಾವಾದರೂ ಕಡಮೆಯವರೆ? ಬಡ್ಡಿಗೆ ಹಣ ಕೊಡುವ ಅಂಗಡಿಯವನು ಗುಜರಾತಿನವನಾದರೂ ನಮಗೆ ಮಾರ್ವಾಡಿ; ಗಾರೆ ಕಲಸುವವನು ಒಡಿಶಾದವನೋ ಜಾರ್ಖಂಡದವನೋ ಆಗಿದ್ದರೂ ಬಿಹಾರಿ. ಇದೆಲ್ಲ ಸಣ್ಣ ವಿಷಯವೆಂದು ತೋರಬಹುದು. ಆದರೆ ಈ ಪಟಗಳ ಬಲಗಡೆಯ ಮೇಲ್ಮೂಲೆಯನ್ನು ಒಮ್ಮೆ ನೋಡಿರಿ. ಸಿಲಿಗುರಿಯ ಬಳಿ ಸುಮಾರು 22 ಕಿಲೊಮೀಟರಿನಷ್ಟು ಸಪೂರವಾದ ನೆಲದ ಕತ್ತಿನಾಚೆ ಅಸ್ಸಾಂ, ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ, ತ್ರಿಪುರಾ, ಮೇಘಾಲಯಗಳಿವೆ. ಸಿಕ್ಕಿಂ ಸೇರಿದರೆ ಎಂಟು ರಾಜ್ಯಗಳು, ನೂರಾರು ಭಾಷೆಗಳು. ವಿನೋದದ ಪಟದಲ್ಲಿ ಇಷ್ಟಕ್ಕೆಲ್ಲ ಒಂದೇ ಶಬ್ದ. ಕೆಲವೊಮ್ಮೆ ಅದು “ಚೀನಾ”. ಕೆಲವೊಮ್ಮೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮತ್ತೆ ಕೆಲವೊಮ್ಮೆ ಬರಿಯ ಬಿಳಿಯ ಕಾಗದ.

ಈ ಬಿಳಿಯ ಕಾಗದವು ಬೀದಿಗಿಳಿದಾಗ ಏನಾಗುತ್ತದೆಂಬುದನ್ನು 2014ರ ಜನವರಿಯಲ್ಲಿ ದೆಹಲಿಯು ಕಂಡಿತು. ಅರುಣಾಚಲ ಪ್ರದೇಶದ ವಿದ್ಯಾರ್ಥಿಯೊಬ್ಬನ ತಲೆಗೂದಲನ್ನೂ ಚಹರೆಯನ್ನೂ ಪೇಟೆಯಲ್ಲಿ ಕೆಲವರು ಗೇಲಿಮಾಡಿದರು. ಮಾತು ಬೆಳೆದು ಹೊಡೆತಕ್ಕೆ ತಿರುಗಿತು. ಮರುದಿನ ಹುಡುಗನು ಸತ್ತನು. ಆ ಮೇಲೆ ಕೇಂದ್ರ ಸರ್ಕಾರವು ನೇಮಿಸಿದ ಬೆಜ್ಬರುವಾ ಸಮಿತಿಯು ಕೊಟ್ಟ ಸಲಹೆಗಳಲ್ಲಿ ಈಶಾನ್ಯ ಭಾರತದ ಚರಿತ್ರೆಯನ್ನು ದೇಶದ ಮಕ್ಕಳಿಗೆಲ್ಲ ಪಾಠವಾಗಿ ಹೇಳಬೇಕೆಂಬುದೂ ಒಂದು. ಅಂದರೆ ಖಾಲಿಬಿಟ್ಟ ಮೂಲೆಯನ್ನು ತುಂಬಬೇಕೆಂದೇ ಅರ್ಥವಷ್ಟೆ.

ನಮ್ಮ ಬೆಂಗಳೂರಿನ ನೆನಪು ಇದಕ್ಕಿಂತಲೂ ಹಿಂದಿನದು. 2012ರ ಜುಲೈಯಲ್ಲಿ ಅಸ್ಸಾಮಿನಲ್ಲಿ ಗಲಭೆಗಳಾದುವು. ಆಗಸ್ಟ್ ತಿಂಗಳ ನಡುವಿನಲ್ಲಿ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆಯಾಗಲಿದೆಯೆಂಬ ಗಾಳಿಮಾತು ಮೊಬೈಲುಗಳಲ್ಲಿ ಹಬ್ಬಿತು. ಹೋಟೆಲುಗಳಲ್ಲಿ ಬಡಿಸುತ್ತಿದ್ದವರು, ಕಟ್ಟಡಗಳಿಗೆ ಕಾವಲಿದ್ದವರು, ಕಾಲೇಜಿಗೆ ಬಂದಿದ್ದವರು, ಹೀಗೆ ಸಾವಿರಾರು ಜನ ಎರಡು ಮೂರು ದಿನಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಬಂದರು. ಸುಮಾರು 3,000 ಕಿಲೊಮೀಟರು ದೂರದ ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸಕೂಡದೆಂದು ಸರ್ಕಾರವು ಕೆಲವು ಕಾಲ ದೇಶಕ್ಕೆಲ್ಲ ಕಟ್ಟುಮಾಡಿತು. ಓಡಿದವರಲ್ಲಿ ಅಸ್ಸಾಮಿನವರಿದ್ದರು, ಅಸ್ಸಾಮಿನ ಜಗಳದೊಡನೆ ಯಾವ ಸಂಬಂಧವೂ ಇಲ್ಲದ ಮಣಿಪುರದವರೂ ನಾಗರೂ ಇದ್ದರು. ತಮ್ಮನ್ನು ಬೇರೆ ಬೇರೆಯಾಗಿ ಗುರುತಿಸಿ ನೋಡುವ ಕಣ್ಣು ಈ ಊರಿನಲ್ಲಿ ಇದ್ದೀತೆಂದು ಅವರಿಗೆ ನಂಬಿಕೆಯಿರಲಿಲ್ಲ. ಹಾಸ್ಯದ ಪಟದಿಂದ ಆ ರೈಲುಗಳು ಹೊರಟುವೆಂದು ನಾವು ಹೇಳುವುದಿಲ್ಲ, ಹಾಗೆಂದರೆ ಅತಿಯಾದೀತು. ಪಟವು ಬರೆದಿಟ್ಟ ಅಜ್ಞಾನವೂ ನಿಲ್ದಾಣದ ಆ ಭಯವೂ ಒಂದೇ ನೆಲದಲ್ಲಿ ಬೆಳೆದುವೆಂದು ಮಾತ್ರ ಹೇಳುತ್ತೇವೆ.

ಕನ್ನಡನಾಡಿನೊಳಗಿನ ಪಟವು ಇನ್ನೂ ರಮ್ಯ. “ಬೆಂಗಳೂರಿಗನು ಕಂಡ ಕರ್ನಾಟಕ”ದಲ್ಲಿ ರಾಜಧಾನಿಯು ಅರ್ಧ ಹಾಳೆ. ಕೊಡಗು, ಚಿಕ್ಕಮಗಳೂರುಗಳು ಶನಿವಾರ ಹೋಗಿ ಭಾನುವಾರ ಬರುವ ಸ್ಥಳಗಳು. ಗೋಕರ್ಣವು ಒಂದು ಹಿಡಿ ಮರಳು. ಹಂಪೆಯು ಒಂದು ಕಲ್ಲುರಥ. ಅದರ ಮೇಲೆ ಬೀದರಿನವರೆಗೂ “ಬಿಸಿಲು, ರೊಟ್ಟಿ” ಎಂಬೆರಡೇ ಮಾತು. ಧಾರವಾಡದ ನುಡಿಯನ್ನೋ ಮಂಗಳೂರಿನ ನುಡಿಯನ್ನೋ ಆಡುವವನು ನಮ್ಮ ಚಲಚ್ಚಿತ್ರಗಳಲ್ಲಿ ಬಹುಕಾಲ ನಗಿಸುವವನಾಗಿಯೇ ಬಂದನು. ನಾಯಕನಿಗೆ ಬೇರೆ ಕನ್ನಡ. ಘಟ್ಟದ ಮೇಲಿನವರು ಕೆಳಗಿನವರನ್ನು ಲೆಕ್ಕಾಚಾರದವರೆನ್ನುವುದೂ, ಕೆಳಗಿನವರು ಮೇಲಿನವರನ್ನು ಸೋಮಾರಿಗಳೆನ್ನುವುದೂ ಬೀಗರ ಮನೆಗಳಲ್ಲಿ ನಿತ್ಯದ ಸಂಭಾಷಣೆ. ಸೊಸೆಯು ಯಾವ ಕಡೆಯವಳೋ ಅದರಂತೆ ಸಾರಿನ ಬೆಲ್ಲಕ್ಕೆ ವ್ಯಾಖ್ಯಾನ ಹುಟ್ಟುತ್ತದೆ.

ಈ ಬಿಸಿಲು-ರೊಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟವನ್ನು ಇಟ್ಟು ನೋಡಬೇಕು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ, ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಎಣಿಸಲಾಯಿತು. ಆ 39ರಲ್ಲಿ ಹೆಚ್ಚಿನವು ಉತ್ತರದವು. ಆದರೆ ಒಟ್ಟು 114ನ್ನು ಹಂಚಿ ನೋಡಿದರೆ ಉತ್ತರಕ್ಕೆ 59, ದಕ್ಷಿಣಕ್ಕೆ 55. ದಕ್ಷಿಣವೆಲ್ಲ ಸಿರಿ, ಉತ್ತರವೆಲ್ಲ ಬರ ಎಂಬ ನಮ್ಮ ತಲೆಯೊಳಗಿನ ಪಟಕ್ಕೆ ಈ ಅಂಕಿಗಳು ಹೊಂದುವುದಿಲ್ಲ. ಹೈದರಾಬಾದು ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮುಂಬಯಿ ಕರ್ನಾಟಕವು 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ಹೆಸರು ಬದಲಾದುದು ಒಳ್ಳೆಯದೇ. ಯಾದಗಿರಿಯಿಂದ ಕೂಲಿಗಾಗಿ ಬೆಂಗಳೂರಿಗೆ ಬರುವ ಬಸ್ಸುಗಳು ಮಾತ್ರ ಖಾಲಿಯಾಗಿಲ್ಲ. ಅವುಗಳಿಂದ ಇಳಿದವರು ಕಟ್ಟಿದ ಮನೆಗಳಲ್ಲಿ ಕುಳಿತೇ ಆ ಹಾಸ್ಯದ ಪಟವನ್ನು ನಾವು ನೋಡುತ್ತಿರುವುದು.

ಇಂಥ ಪಟಗಳನ್ನು ಮನೆಯಲ್ಲಿ ನಿಷೇಧಿಸಬೇಕೆಂದು ಸಲಹೆ ಕೊಡುವಷ್ಟು ನೀರಸರು ನಾವಲ್ಲ. ಮಕ್ಕಳ ಕೈಗೆ ಒಂದು ಹಾಳೆಯನ್ನು ಕೊಟ್ಟು, ಪುಸ್ತಕ ನೋಡದೆ ಕರ್ನಾಟಕದ 31 ಜಿಲ್ಲೆಗಳನ್ನು ಗುರುತಿಸಲು ಹೇಳಿರಿ. ಅಪ್ಪ ಅಮ್ಮಂದಿರೂ ಬೇರೊಂದು ಹಾಳೆಯಲ್ಲಿ ಬರೆಯಲಿ. ಯಾವ ಜಿಲ್ಲೆ ಹಿಗ್ಗಿತು, ಯಾವುದು ಮಾಯವಾಯಿತು ಎಂದು ಹೋಲಿಸಿ ನೋಡಿದರೆ ಒಂದು ಸಂಜೆಗೆ ಸಾಕಾಗುವಷ್ಟು ನಗೆ ಸಿಕ್ಕೀತು. ಅಜ್ಜಿಯ ಪಟದಲ್ಲಿ ತವರೂರು ಎಷ್ಟು ದೊಡ್ಡದಿರುತ್ತದೆಂಬುದನ್ನು ನೋಡುವುದಕ್ಕಾದರೂ ಈ ಪ್ರಯತ್ನ ಮಾಡಬಹುದು.

ನಮಗಂತೂ ನೋಡಲು ಆಸೆಯಿರುವ ಪಟ ಒಂದುಂಟು. ಅಗರ್ತಲೆಯಿಂದಲೋ ಐಜ್ವಾಲಿನಿಂದಲೋ ಇಲ್ಲಿಗೆ ಓದಲು ಬಂದ ಹುಡುಗಿಯೊಬ್ಬಳು ತಾನು ಕಂಡ ಕರ್ನಾಟಕವನ್ನು ಬರೆಯಬೇಕು. ರೈಲು ನಿಲ್ದಾಣ, ಬಾಡಿಗೆಯ ಕೋಣೆ, “ಯಾವ ದೇಶದವಳಮ್ಮ?” ಎಂದು ಕೇಳಿದ ಮನೆಯ ಯಜಮಾನಿತಿ, ಕನ್ನಡದಲ್ಲಿ ಎಣಿಸಲು ಕಲಿಸಿದ ತರಕಾರಿಯವಳು, ಇವರೆಲ್ಲ ಅದರಲ್ಲಿ ಪರ್ವತಗಳಷ್ಟು ದೊಡ್ಡದಾಗಿ ನಿಂತಿರುತ್ತಾರೆ, ಮಿಕ್ಕ ನಾಡಿನ ಮೇಲೆಲ್ಲ ಬಹುಶಃ “ಸಾಂಬಾರು” ಎಂದು ಬರೆದಿರುತ್ತದೆ. ಅಂಥದೊಂದು ಬಂದರೆ ಈ ಪುಟದಲ್ಲಿ ಅಚ್ಚುಹಾಕಲು ಸ್ಥಳವನ್ನು ಕಾದಿಟ್ಟಿದ್ದೇವೆ.